ಬಾ ಗೂಡೆ ಬಾ

ದೀಪ ಚಟ್ ಎಂದಿತು, ಬತ್ತಿಯಲ್ಲಿ ನೀರಿನ ಪಸೆ ಇರಬೇಕು, ಆಟಿ ತಿಂಗಳಲ್ಲಿ ಬತ್ತಿಯೂ ಒದ್ದೆ ಬೆಂಕಿಪೊಟ್ಟಣವೂ ಒದ್ದೆ, ಮಳೆ ನಿನ್ನೆ ಸಂಜೆಯೇ ಬಿಟ್ಟಿದ್ದರೂ ದೇವರ ಕೋಣೆಯ ಗೋಡೆ ಇನ್ನೂ ಬೆವರುತ್ತಿದೆ — ದೀಪದ ಪಕ್ಕದಲ್ಲಿ ಕುಂಕುಮದ ಭರಣಿಗೆ ಒರಗಿಸಿದ ಫೋನಿನಲ್ಲಿ ಹಸಿರು ಮೈದಾನ, ಅದರ ಮೇಲೆ ಹಳದಿ ಅಂಗಿಯ ಹುಡುಗಿಯರು ಓಡುತ್ತಿದ್ದಾರೆ, ಅಲ್ಲಿ ನಿನ್ನೆಯ ರಾತ್ರಿ ಇನ್ನೂ ಮುಗಿದಿಲ್ಲವಂತೆ, ಇಲ್ಲಿ ಇವತ್ತಿನ ಬೆಳಕು ಹರಿಯುತ್ತಿದೆ, ಕಾವೇರಮ್ಮ, ನಿನ್ನ ಪಟದ ಎದುರು ಇದನ್ನು ಇಟ್ಟಿದ್ದಕ್ಕೆ ಕ್ಷಮಿಸು ತಾಯಿ, ಮನೆಯಲ್ಲಿ ಸಿಗ್ನಲ್ ಸಿಗುವುದು ಈ ಮೂಲೆಯಲ್ಲಿ ಮಾತ್ರ. ಅವ್ವಾ ಇದನ್ನು ಮುಟ್ಟಬೇಡ, ಚಿತ್ರ ನಿಂತು ಉಂಗುರ ಸುತ್ತಿದರೆ ಸುಮ್ಮನೆ ಕಾಯಿ, ಅದೇ ಸರಿಯಾಗ್ತದೆ ಎಂದು ಮಗ ಪ್ರಜ್ಞೇಶ ಹೇಳಿ ಹೋಗಿದ್ದಾನೆ, ಅವನು ಅಕ್ಕನ ತಂಡದ ಆಟವನ್ನು ನೋಡಲಾರ, ಕೊಟ್ಟಿಗೆಯ ಕಡೆ ಹೋದ, ನೋಡಲಾರದವನು ನನಗೆ ಹಚ್ಚಿಕೊಟ್ಟು ಹೋದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು, ನನ್ನ ನಾದಿನಿ ಪ್ರೇಮಾವತಿ ಕಾಫಿ ಸೋಸುತ್ತಿದ್ದಾಳೆ, ಅವಳ ಜೊತೆ ಶಿವಮ್ಮನ ತಗ್ಗಿದ ದನಿ, ಸುಳ್ಯದ ಕಡೆಯಿಂದ ನಿನ್ನೆ ಬಂದು ನಮ್ಮಲ್ಲೇ ಮಲಗಿದವರು, ಬೀಗರು ಎನ್ನಬೇಕು, ಸತ್ತ ನನ್ನ ಮಗಳನ್ನು ಸತ್ತ ತನ್ನ ಮಗನಿಗೆ ಕೇಳಲು ಬಂದ ಹೆಂಗಸನ್ನು ಬೀಗತಿ ಎನ್ನದೆ ಮತ್ತೇನು ಎನ್ನಲಿ.

ನಮ್ಮಲ್ಲಿ ಇದು ಹೊಸದಲ್ಲ, ಮದುವೆ ಆಗದೆ ಹೋದವರಿಗೆ ಹಿರಿಯರ ಸಾಲಿನಲ್ಲಿ ಎಲೆ ಇಲ್ಲ, ಹೊಸ್ತಿಲ ಹೊರಗೆ ನಿಂತೇ ಇರುತ್ತಾರೆ, ಒಳಗಿನವರ ಶುಭಕಾರ್ಯಕ್ಕೆ ಅಡ್ಡ ಬರುತ್ತಾರೆ, ಆದ್ದರಿಂದ ಆಟಿಯಲ್ಲಿ ಜಾತಕ ನೋಡಿ, ಹೆಣ್ಣು ಕೇಳಿ, ಎರಡು ಮಣೆಯ ಮೇಲೆ ಸೀರೆ ಒಂದು ಪಂಚೆ ಒಂದು ಇಟ್ಟು ಸೆರಗು ಗಂಟು ಹಾಕಿ ಪ್ರೇತಮದುವೆ ಮಾಡುತ್ತಾರೆ, ನನ್ನ ಅಜ್ಜಿ ಹೀಗೆ ಎರಡು ಮದುವೆ ಊಟ ಉಂಡದ್ದನ್ನು ಹೇಳುತ್ತಿದ್ದಳು, ಪಾಯಸ ಚೆನ್ನಾಗಿತ್ತು ಎಂದೇ ಹೇಳುತ್ತಿದ್ದಳು. ಪ್ರಜ್ಞೇಶನಿಗೆ ನೋಡಿದ ಹೆಣ್ಣು ಎರಡೂ ಕಡೆ ತಪ್ಪಿಹೋಯಿತು, ಒಂದು ಕಡೆಯಂತೂ ಛತ್ರ ಗೊತ್ತಾದ ಮೇಲೆ, ಆಗ ಪ್ರೇಮಾವತಿ ಜೋಯಿಸರಲ್ಲಿಗೆ ಹೋಗಿ ಬಂದಳು, ಅತ್ತಿಗೆ, ನಮ್ಮ ಪೂಜಿತ ಬಾಗಿಲಲ್ಲಿ ನಿಂತೊಳ, ಅವಳಿಗೆ ಒಂದು ದಾರಿ ಮಾಡದೆ ಹೈದನಿಗೆ ಮದುವೆ ಇಲ್ಲ. ನಿಂತೊಳ ಎಂದಳು, ಇದ್ದಾಳೆ ಎಂದಳು, ಆ ಮಾತಿಗೆ ನನ್ನ ಮೈ ಜುಮ್ಮೆಂದದ್ದು ಹೆದರಿಕೆಯಿಂದಲ್ಲ — ಬಾಗಿಲಲ್ಲಿ ನಿಂತಿದ್ದರೆ ಒಳಗೆ ಬಾ ಎನ್ನಬಹುದಲ್ಲ ಎಂದು, ಬೂಟು ಬಿಚ್ಚಿ ಬಾ, ಕಾಲು ತೊಳೆದು ಬಾ.

ಪೂಜಿತ ಚಿಕ್ಕವಳಿದ್ದಾಗ ಚೆಂಡು ಕಣದ ಅಂಚು ದಾಟಿ ಕೆಳಗೆ ಹೋಗುತ್ತಿತ್ತು. ಮನೆಯ ಮುಂದೆ ಕಾಫಿ ಒಣಗಿಸುವ ಕಣ, ಅದರ ಆಚೆ ಇಳಿಜಾರು, ಇಳಿಜಾರಿಡೀ ಕಾಫಿಗಿಡ, ಚೆಂಡು ಉರುಳಿ ಹೋದರೆ ಅವಳೂ ಅದರ ಹಿಂದೆ ಹೋಗುತ್ತಿದ್ದಳು, ಎಂಟು ವರ್ಷದ ಹುಡುಗಿ, ಗಿಡಗಳು ಅವಳಿಗಿಂತ ಎತ್ತರ, ಅವಳು ಕಾಣುತ್ತಿರಲಿಲ್ಲ, ಗಿಡ ಅಲುಗುವುದು ಮಾತ್ರ ಕಾಣುತ್ತಿತ್ತು, ಒಂದು ಗಿಡ, ಅದರ ಕೆಳಗಿನದು, ಅದರ ಕೆಳಗಿನದು, ಆಮೇಲೆ ಏನೂ ಇಲ್ಲ, ಹಾವಿನ ಜಾಗ, ನಾನು ಅಂಚಿನಲ್ಲಿ ನಿಂತು ಬಾ ಗೂಡೆ ಬಾ, ಬಾ ಹುಡುಗಿ ಬಾ ಎಂದು ನಮ್ಮ ಮಾತಿನಲ್ಲಿ ಕೂಗುತ್ತಿದ್ದೆ, ಆಗ ಎಲ್ಲೋ ತಳದಲ್ಲಿ ಒಂದು ಗಿಡ ಅಲುಗುತ್ತಿತ್ತು, ಅದರ ಮೇಲಿನದು, ಅದರ ಮೇಲಿನದು, ಕೊನೆಗೆ ಚೆಂಡು ಎದೆಗೆ ಒತ್ತಿಕೊಂಡ ಮಗಳು. ಅವಳ ಅಪ್ಪ ಜಗಲಿಯಿಂದ ನಗುತ್ತಿದ್ದರು, ಕೊಡಗಿನಲ್ಲಿ ಹುಟ್ಟಿದ ಮೇಲೆ ಕೋಲು ಹಿಡಿದು ಹಾಕಿ ಆಟ ಆಡಬೇಕು, ಇದೆಂಥ ದನದ ಹಾಗೆ ಒದೆಯುವುದು — ಅಪ್ಪಾ, ದನ ಒದ್ದರೆ ನಿಮಗೆ ಹಾಲಿಲ್ಲ, ನಾ ಒದ್ದರೆ ಗೋಲು. ಬಾಯಿ ಕೇಳು ಇದರದ್ದು, ಯಮುನ, ನಿನ್ನ ಬಾಯಿಯೇ.

ಬಿಳಿ ಅಂಗಿಯವರು ಮುನ್ನುಗ್ಗಿದರು, ಅಯ್ಯೋ, ಹಳದಿಯವರ ಗೋಲು ಕಾಯುವ ಹುಡುಗಿ ಹಾರಿ ಹಿಡಿದಳು, ಈ ಹುಡುಗಿಯ ಮನೆಗೆ ಪೂಜಿತ ಮೂರು ಸಲ ಹೋಗಿದ್ದಳು. ಆ ದ್ವೀಪದ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಕೆರಿಬಿಯನ್ ಸಮುದ್ರದಲ್ಲಿ ಒಂದು ಚುಕ್ಕೆ, ನಮ್ಮ ಮಡಿಕೇರಿ ತಾಲೂಕಿನಷ್ಟೂ ಇಲ್ಲವಂತೆ, ಆದರೂ ಅದು ಒಂದು ದೇಶ, ದೇಶಕ್ಕೊಂದು ಹೆಣ್ಣುಮಕ್ಕಳ ತಂಡ ಬೇಕಂತೆ, ಆ ತಂಡ ಕಟ್ಟಲು ನನ್ನ ಮಗಳು ಹೋದಳು. ಹೋಗಿ ವಾರದೊಳಗೇ ಫೋನು, ಅವ್ವಾ ಗ್ರೌಂಡ್‌ಲಿ ಆಡು ಮೇಯ್ತುಟ್ಟು, ಗಂಡಸರ ತಂಡ ಆಡಿ ಬಿಟ್ಟ ಮೇಲೆ ಆಡುಗಳಿಗೆ, ಆಡುಗಳು ಬಿಟ್ಟ ಮೇಲೆ ನಂಗೆ. ಬಂದದ್ದು ಏಳೇ ಹುಡುಗಿಯರು, ಉಳಿದವರನ್ನು ತಾಯಂದಿರು ಬಿಡಲಿಲ್ಲ, ಭಾನುವಾರ ಇಗರ್ಜಿ, ಶನಿವಾರ ಬಟ್ಟೆ ಒಗೆಯುವುದು, ಚೆಡ್ಡಿ ಹಾಕಿ ಓಡಿದರೆ ಜನ ಏನೆಂದಾರು — ಅವ್ವಾ, ಎಲ್ಲ ನಿನ್ನ ಹಾಗೇ ಮಾತಾಡ್ತಾರೆ, ಒಂದು ಕೆಲಸ ಮಾಡು, ಕಾಫಿಪುಡಿ ಕಳಿಸು. ನಾನು ಕಳಿಸಿದೆ, ನಮ್ಮ ಕಣದಲ್ಲಿ ಒಣಗಿದ ಕಾಫಿ, ನಾನೇ ಹುರಿದದ್ದು, ಪೊಟ್ಟಣ ಹಿಡಿದು ಅವಳು ಮನೆಮನೆಗೆ ಹೋದಳು, ಅಪ್ಪಂದಿರ ಹತ್ತಿರ ಮಾತಾಡಲಿಲ್ಲ, ನೆಟ್ಟಗೆ ಅಡುಗೆಮನೆಗೆ, ಒಲೆಯ ಪಕ್ಕ ನೆಲದಲ್ಲಿ ಕೂತು ಆ ತಾಯಿಗೆ ಕಾಫಿ ಮಾಡಿಕೊಟ್ಟು, ಅವಳ ಕಷ್ಟ ಕೇಳಿ, ಫುಟ್‌ಬಾಲಿನ ಮಾತೇ ಎತ್ತದೆ ಎದ್ದು ಬರುವುದು, ಮತ್ತೊಂದು ದಿನ ಹೋಗುವುದು, ಮೂರನೆಯ ಸಲ ತಾಯಿಯೇ ಕೇಳುತ್ತಿದ್ದಳಂತೆ, ನನ್ನ ಮಗಳು ಯಾವತ್ತು ಬರಬೇಕು. ಹೆಣ್ಣು ಕೇಳಲು ಹೋಗುವ ಕ್ರಮ ಅವ್ವಾ ಇದು, ನಮ್ಮ ಊರಿನದ್ದೇ, ಎಂದು ನಕ್ಕಳು. ಹೆಣ್ಣು ಕೇಳಲು ಬಂದವರ ಎದುರು ಒಮ್ಮೆಯೂ ಕೂರದವಳು. ಸೀರೆ ಉಟ್ಟು ಒಂದು ಸಲ ಬಂದು ಕೂರು ಎಂದರೆ, ಚೆಂಡಿಗೆ ಸೀರೆ ಉಡಿಸಿ ಕೂರಿಸು ಅವ್ವಾ, ಅದು ಉರುಳದೆ ಕೂತರೆ ನಾನೂ ಕೂರುತ್ತೇನೆ.

ಅತ್ತಿಗೆ, ಹೊತ್ತಾಯಿತು. ಪ್ರೇಮಾವತಿ ಬಾಗಿಲಲ್ಲಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಪೂಜಿತಳ ಬೂಟುಗಳನ್ನು ಮಣೆಯ ಮೇಲಿಟ್ಟವರು ಯಾರು, ನೀವಾ, ಮಣೆಯಲ್ಲಿ ಸೀರೆ ಇಡುವುದು ಅತ್ತಿಗೆ, ಬೂಟಿಗೆ ಯಾರಾದರೂ ತಾಳಿ ಕಟ್ಟುತ್ತಾರಾ. ಮಗಳ ಮೈಗೆ ಹತ್ತಿದ್ದು ಆ ಬೂಟು ಮಾತ್ರ, ಸೀರೆ ಅಂಗಡಿಯದ್ದು, ಅವಳ ಬೆವರಿನ ಪರಿಚಯವೇ ಇಲ್ಲದ್ದು. ಸೂರ್ಯ ಏಳುವ ಮುಂಚೆ ಮುಗಿಸಿ ಬಾರೆ ಯಮುನ ಎಂದು ಜಗಲಿಯಿಂದ ಇವರು, ಬೊಳ್ಳಪ್ಪನವರು, ನಗಲಿಕ್ಕೆ ಮರೆತ ಮೇಲೆ ಇವರ ದನಿ ಬೇರೆಯವರ ದನಿಯಂತೆ ಕೇಳುತ್ತದೆ. ನಮ್ಮ ಕುಟುಂಬದ ಕ್ರಮ, ವೀಳ್ಯದೆಲೆ ಬದಲಾಯಿಸುವ ಮುಂಚೆ ಹೆತ್ತವಳು ಕಣದ ಅಂಚಿಗೆ ಹೋಗಿ ಮೂರು ಸಲ ಕರೆಯಬೇಕು, ಮೂರನೆಯದಕ್ಕೆ ಹೋದ ಜೀವ ಬಂದು ಸೇರುತ್ತದೆ, ಆಮೇಲೆ ಅದು ಬೇರೆ ಮನೆಯದ್ದು, ಎಲ್ಲೂ ಅಲೆಯುವಂತಿಲ್ಲ. ಇಷ್ಟು ಆಟ ಮುಗಿಯಲಿ ಪ್ರೇಮಾ. ಆಟವಾ, ಎಂದಳು, ತಟ್ಟೆ ಕೆಳಗಿಟ್ಟು ನನ್ನ ಪಕ್ಕ ಕೂತಳು, ಸ್ವಲ್ಪ ಹೊತ್ತು ನೋಡಿದಳು, ನಮ್ಮವರು ಯಾವ ಅಂಗಿ. ಹಳದಿ.

ನಮ್ಮವರು. ಮೊದಲನೆಯ ಪಂದ್ಯದಲ್ಲಿ ಹನ್ನೊಂದು ಗೋಲಿಗೆ ಸೋತರು, ಬಸ್ಸಿನಲ್ಲಿ ಹುಡುಗಿಯರ ಅಳು ನನಗೆ ಫೋನಿನಲ್ಲೇ ಕೇಳಿಸಿತ್ತು, ಅವಳು ಅಳಲಿಲ್ಲ, ಆಮೇಲೆ ಎಂಟಕ್ಕೆ ಇಳಿಯಿತು, ಐದಕ್ಕೆ, ಎರಡಕ್ಕೆ, ಸೋಲನ್ನೂ ಮೆಲ್ಲಗೆ ತೂಕ ಇಳಿಸುವ ಹಾಗೆ ಇಳಿಸಿದಳು, ಹೋದ ವರ್ಷ ಒಂದು ಪಂದ್ಯ ಸಮ ಮಾಡಿದರು, ಊರಿಗೆ ಊರೇ ಗಾಡಿಗಳ ಹಾರನ್ ಒತ್ತಿತಂತೆ, ಆ ಗದ್ದಲದ ನಡುವೆ ಅವಳ ದನಿ, ಅವ್ವಾ ಸ್ವಲ್ಪ ಜ್ವರ ಉಟ್ಟು, ಹೆದರ್ಬೇಡ, ಆಟಿಗೆ ನಾ ಬನ್ನೆ, ಬರುತ್ತೇನೆ ಎಂದವಳು. ಸೊಳ್ಳೆಯ ಜ್ವರ. ಆ ಪುಟ್ಟ ದ್ವೀಪದಲ್ಲಿ ಸುಡುವ ಜಾಗ ಇರಲಿಲ್ಲ, ದೇಹವನ್ನು ಕೆಡದಂತೆ ಇಡುವ ವ್ಯವಸ್ಥೆಯೂ ಇರಲಿಲ್ಲ, ಪ್ರಜ್ಞೇಶ ಮುಟ್ಟುವುದರೊಳಗೆ ಹುಡುಗಿಯರೇ ಹೊತ್ತು ಮೈದಾನದ ಮೇಲಿನ ಗುಡ್ಡದಲ್ಲಿ ಮಣ್ಣು ಮಾಡಿದ್ದರು, ಅಲ್ಲಿಂದ ಎರಡೂ ಗೋಲು ಕಾಣುತ್ತದೆ ಅವ್ವಾ ಎಂದ. ಭಾಗಮಂಡಲದಲ್ಲಿ ನೀರಿಗೆ ಬಿಡಲು ನನ್ನ ಕೈಗೆ ಒಂದು ಹಿಡಿ ಬೂದಿ ಬರಲಿಲ್ಲ, ಬೂಟು ಬಂತು. ಕಾವೇರಮ್ಮ, ನಿನ್ನ ನೀರು ಕಾಣದೆ ಅವಳು ಎಲ್ಲಿದ್ದಾಳೆ, ಬಾಗಿಲಲ್ಲೋ, ಗುಡ್ಡದಲ್ಲೋ, ದಿನಾ ಕೇಳುತ್ತೇನೆ, ನೀನು ಹರಿಯುತ್ತೀ, ಹೇಳುವುದಿಲ್ಲ.

ಶಿವಮ್ಮ ಬಂದು ಹೊಸ್ತಿಲ ಹೊರಗೇ ಕೂತಿದ್ದಾಳೆ, ಯಾವಾಗ ಬಂದಳೋ, ಒಣಗಿದ ಕೈ, ಕೈಯಲ್ಲಿ ಆರಿದ ಕಾಫಿ. ನಿನ್ನೆ ಎಲೆ ಅಡಿಕೆ ಹಾಕುತ್ತಾ ಹೇಳಿದಳು, ನನ್ನ ದೇವರಾಜು ಮೂರು ವರ್ಷದವ ಅಮ್ಮ, ಹೊಳೆಗೆ ಬಿದ್ದದ್ದು, ಬದುಕಿದ್ದರೆ ನಿಮ್ಮ ಮಗಳ ಜೋಡಿಯೇ, ಇಷ್ಟು ವರ್ಷ ಅವ ಒಬ್ಬನೇ ಇದ್ದಾನೆ, ಕತ್ತಲೆ ಅಂದ್ರೆ ಹೆದರ್ತಿದ್ದ. ಜಾತಕ ಕೂಡಿತಂತೆ, ಸತ್ತವರೂ ಬೆಳೆಯುತ್ತಾರಂತೆ, ಅಲ್ಲಿ ಅವನಿಗೆ ಮೀಸೆ ಬಂದಿದೆ ಎಂದು ಪ್ರೇಮಾವತಿ ಹೇಳುತ್ತಾಳೆ, ಆದರೆ ಆ ಹೆಂಗಸು ಕೈಯಲ್ಲಿ ಎತ್ತರ ತೋರಿಸಿದ್ದು ಮೊಣಕಾಲಿನಷ್ಟು, ಈಗಲೂ ಅಷ್ಟೇ. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಅವಳ ಮಗನಿಗೆ ಯಾರಾದರೂ ಬೇಕು, ನನ್ನ ಮಗನಿಗೆ ಮನೆ ಬೇಕು, ಪ್ರಜ್ಞೇಶ ನಿನ್ನೆ ಊಟಕ್ಕೆ ಕೂತವನು ತಟ್ಟೆ ನೋಡುತ್ತಾ, ನನ್ನ ಹೆಸರು ಹೇಳಿ ಅಕ್ಕನನ್ನು ಎಳೆದು ತರಬೇಡಿ ಅವ್ವಾ ಎಂದ, ಎದ್ದು ಹೋದ, ಕೈ ತೊಳೆಯುವ ಸದ್ದು ತುಂಬ ಹೊತ್ತು ಕೇಳುತ್ತಿತ್ತು.

ಫೋನಿನಲ್ಲಿ ಗದ್ದಲ, ಸಮಸಮ, ಇನ್ನೇನು ಮುಗಿಯುತ್ತದೆ ಎಂದು ಪ್ರೇಮಾವತಿ ಅಂಕಿ ಓದಿದಳು, ಎತ್ತರದ ಕಪ್ಪು ಹುಡುಗಿ, ಜಡೆ ಹೆಣೆದವಳು, ನಾಯಕಿ ಕೆರಿಷಾ, ಗೊತ್ತು ನನಗೆ, ವಿಡಿಯೋ ಕಾಲಿನಲ್ಲಿ ಅವ್ವಾ ಎಂದವಳು, ಕೈ ಎತ್ತಿ ಓಡುತ್ತಾ ಕೂಗುತ್ತಿದ್ದಾಳೆ, ಮೈಕು ಎಲ್ಲೋ ಹತ್ತಿರ ಇರಬೇಕು — ಬಾ ಗೂಡೆ ಬಾ. ನಾನು ದೇವರ ಪಟ ನೋಡಿದೆ, ಪ್ರೇಮಾವತಿ ನನ್ನನ್ನು ನೋಡಿದಳು. ಮತ್ತೊಬ್ಬಳು, ಬುಡ್ ಬುಡ್, ಚೆಂಡು ಬಿಡು ಎಂದು, ಇತ್ತ ಬಾ, ಇನ್ನೊಬ್ಬಳು, ಬಾ ಗೂಡೆ ಬಾ. ಎದುರಿನವರಿಗೆ ಅರ್ಥವಾಗಬಾರದೆಂದು ನಮ್ಮ ಮಾತು ಕಲಿಸಿದ್ದೇನೆ ಎಂದು ಪೂಜಿತ ಒಮ್ಮೆ ಹೇಳಿದ್ದು ನಿಜ, ತಮಾಷೆ ಎಂದುಕೊಂಡಿದ್ದೆ, ಆದರೆ ಮಾತಲ್ಲ ಇದು, ಎಳೆತ, ಬಾ ಎಂಬುದನ್ನು ಎಳೆದು ಕೊನೆಗೆ ತುಸು ಎತ್ತುವುದು, ಅದು ನನ್ನದು, ಮುಸ್ಸಂಜೆ ಕಣದ ಅಂಚಿನಲ್ಲಿ ನಿಂತು ಇಳಿಜಾರಿಗೆ ಕೇಳಲಿ ಎಂದು ನಾನು ಎಳೆಯುತ್ತಿದ್ದದ್ದು, ಅವಳ ಬಾಯಿಂದ ಈ ಹುಡುಗಿಯರ ಬಾಯಿಗೆ, ಸಮುದ್ರದ ಆಚೆ. ಅತ್ತಿಗೆ, ಇದು ನಿಮ್ಮ ದನಿ. ಸುಮ್ಮನಿರು ಪ್ರೇಮಾ. ಅವರು ಅವಳನ್ನೇ ಕರೆಯುತ್ತಿದ್ದಾರೆ, ಗುಡ್ಡದಿಂದ ಎರಡೂ ಗೋಲು ಕಾಣುತ್ತದೆ, ಕರೆದರೆ ನಿಲ್ಲುವವಳಲ್ಲ, ಚೆಂಡು ಬಿಳಿ ಗೆರೆಯ ಹತ್ತಿರ, ಕೆರಿಷಾ ಬಾಯಿ ತೆರೆದಳು — ಉಂಗುರ. ಚಿತ್ರ ನಿಂತಿತು, ತೆರೆದ ಬಾಯಿ ಹಾಗೇ ನಿಂತಿತು, ಅದರ ಮೇಲೆ ಉಂಗುರ ಸುತ್ತುತ್ತಿದೆ, ಮುಟ್ಟಬೇಡ, ಕಾಯಿ.

ಬನ್ನಿ ಅತ್ತಿಗೆ, ಸೂರ್ಯ ಬಂದರೆ ಆಗುವುದಿಲ್ಲ. ನನ್ನನ್ನು ಎಬ್ಬಿಸಿದ್ದು ಪ್ರೇಮಾವತಿಯೋ ಶಿವಮ್ಮನೋ, ಎರಡು ಕೈ, ಒಂದು ಬಿಸಿ ಒಂದು ತಣ್ಣಗೆ, ಜಗಲಿ ಇಳಿದೆ, ಕಣದಲ್ಲಿ ಪಾಚಿ, ಜಾರುತ್ತದೆ ಜಾಗ್ರತೆ ಎಂದರು ಇವರು, ಕೊಟ್ಟಿಗೆಯ ಬಳಿ ಪ್ರಜ್ಞೇಶ ಹಗ್ಗ ಹಿಡಿದು ನಿಂತಿದ್ದಾನೆ, ಬೇಡ ಎನ್ನುತ್ತಿಲ್ಲ, ಬೇಕು ಎನ್ನುತ್ತಿಲ್ಲ. ಅಂಚು. ಕೆಳಗೆ ಕಾಫಿಗಿಡ, ಹಸಿರು ಕಾಯಿ, ಎಲೆ ಎಲೆಯಲ್ಲಿ ನಿನ್ನೆಯ ನೀರು, ಗಾಳಿ ಇಲ್ಲ, ಒಂದು ಎಲೆಯೂ ಅಲುಗುವುದಿಲ್ಲ. ಕಾವೇರಮ್ಮ. ಬಾ ಗೂಡೆ ಬಾ, ಎಂದೆ, ದನಿ ಸಣ್ಣಗೆ ಬಂತು, ಇಳಿಜಾರು ಅದನ್ನು ತೆಗೆದುಕೊಂಡಿತು, ಏನೂ ಆಗಲಿಲ್ಲ, ಹಿಂದೆ ಶಿವಮ್ಮ ಉಸಿರು ಬಿಟ್ಟದ್ದು ಕೇಳಿಸಿತು, ಜೋರಾಗಿ ಅಮ್ಮ, ಅವಳಿಗೆ ಕೇಳಬೇಕಲ್ಲ. ಎರಡನೆಯದನ್ನು ಎಳೆದೆ, ಮುಸ್ಸಂಜೆಗಳ ಹಾಗೆ ಎಳೆದೆ, ಕೊನೆಗೆ ಎತ್ತಿದೆ, ಬಾ ಗೂಡೆ ಬಾ — ತಳದಲ್ಲಿ ಒಂದು ಗಿಡ ಅಲುಗಿತು. ನೀರು ಉದುರಿತು. ಹಕ್ಕಿ ಇರಬೇಕು, ಕಬ್ಬೆಕ್ಕು ಇರಬೇಕು. ಅದರ ಮೇಲಿನ ಗಿಡ ಅಲುಗಿತು. ನೋಡಿ ಎಂದಳು ಪ್ರೇಮಾವತಿ. ಬರುತ್ತಿದ್ದಾಳೆ, ಕರೆದರೆ ಯಾವತ್ತೂ ಬಂದವಳು, ಆಟ ಅರ್ಧಕ್ಕೆ ಬಿಟ್ಟು ಬರುತ್ತಿದ್ದಾಳೆ, ಅಲ್ಲಿ ಬಾಯಿ ತೆರೆದು ನಿಂತವರನ್ನು ಹಿಂದೆ ಬಿಟ್ಟು, ಇನ್ನೊಂದು ಸಲ ಅಂದರೆ ಅಂಚಿಗೆ ಬಂದೇ ಬಿಡುತ್ತಾಳೆ, ಒಳಗೆ ಮಣೆ ಇದೆ, ಸೀರೆ ಇದೆ, ಮೊಣಕಾಲೆತ್ತರದ ಒಬ್ಬ ಕತ್ತಲೆಯಲ್ಲಿ ಕಾಯುತ್ತಿದ್ದಾನೆ, ಮುಖ ನೋಡಬಹುದು, ಒಂದು ಸಲ ನೋಡಬಹುದು, ಆಮೇಲೆ ಇಲ್ಲ, ಎಲ್ಲಿಯೂ ಇಲ್ಲ, ಗುಡ್ಡದಲ್ಲೂ ಇಲ್ಲ — ಮೂರನೆಯದು ನನ್ನ ಬಾಯಲ್ಲಿದೆ, ಬಾಯಿ ತೆರೆದಿದೆ, ಹೊರಗೆ ಬಿಡಲಾರೆ, ನುಂಗಲಾರೆ, ಅಮ್ಮ ಎಂದಳು ಶಿವಮ್ಮ, ಅಮ್ಮ, ಒಳಗೆ ದೇವರ ಕೋಣೆಯಲ್ಲಿ ಉಂಗುರ ಇನ್ನೂ ಸುತ್ತುತ್ತಿರಬೇಕು, ಆ ಹುಡುಗಿಯ ಬಾಯಿಯೂ ತೆರೆದೇ ಇರಬೇಕು, ಗಾಳಿ ಇಲ್ಲ, ಗಾಳಿಯೇ ಇಲ್ಲ, ಒಂದು ಗಿಡ, ಅದರ ಮೇಲಿನದು, ಅಲ್ಲೇ, ನಡುವಿನಲ್ಲಿ, ಮೇಲಕ್ಕೂ ಬಾರದೆ ಕೆಳಕ್ಕೂ ಹೋಗದೆ, ಒಂದೇ ಗಿಡ ಅಲುಗುತ್ತಿದೆ, ಅಲುಗುತ್ತಿದೆ