ಬೆಸುಗೆ ಕೆಲಸ ಮಾತ್ರ

“ಒಂದು ಹಾಳಿ ಕೊಡ್ರಿ ಮೇಡಂ, ಬಾಯಿಲೆ ಹೇಳಿದ್ರ ತಿಳ್ಯಾದಿಲ್ಲ,” ಎಂದು ದೌಲಪ್ಪ ಕೈ ಚಾಚಿದರು.

ಅಂಬಿಕಾ ಮಾತಿನ ಭರದಲ್ಲಿ ಬ್ಯಾಗಿಗೆ ಕೈ ಹಾಕಿ, ಸಿಕ್ಕ ಹಾಳೆಯನ್ನು ಖಾಲಿ ಬದಿ ಮೇಲಾಗುವಂತೆ ಮುಂದಿಟ್ಟಳು. ಕಮಲಾಪುರದ ಆ ಮನೆಯ ಪಡಸಾಲೆಯಲ್ಲಿ ಇಬ್ಬರೂ ಚಾಪೆಯ ಮೇಲೆ ಕೂತು ಆಗಲೇ ಒಂದು ಗಂಟೆಯಾಗಿತ್ತು. ದೌಲಪ್ಪನವರ ತಂಗಿ ಶಂಕ್ರಮ್ಮ ತಂದಿಟ್ಟ ಚಹಾ ಕೆನೆಗಟ್ಟಿತ್ತು. ತಟ್ಟೆಯಲ್ಲಿದ್ದ ಕೆಂಪು ಬಾಳೆಹಣ್ಣನ್ನು ಯಾರೂ ಮುಟ್ಟಿರಲಿಲ್ಲ.

ಇಷ್ಟು ಮಾತಾಡಿ ಅವಳಿಗೆ ಎಷ್ಟೋ ತಿಂಗಳಾಗಿತ್ತು. ಕಲಬುರಗಿಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವಳು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಳು. ದೌಲಪ್ಪ ಅದೇ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಟೆಕ್ನಿಷಿಯನ್ ಆಗಿದ್ದು, ಹೋದ ಜೂನ್‌ನಲ್ಲಿ ನಿವೃತ್ತರಾಗಿ ತಂಗಿಯ ಮನೆಗೆ ಬಂದಿದ್ದರು. ಅವರು ಹೋದ ಮೇಲೆ ಅವಳ ಕೆಲಸ ಎಲ್ಲಿಗೆ ಬಂತೆಂದು ಕೇಳುವವರು ಯಾರೂ ಉಳಿಯಲಿಲ್ಲ. ಐವಾನ್-ಎ-ಶಾಹಿ ಬಡಾವಣೆಯ ಬಾಡಿಗೆ ಮನೆಯಲ್ಲಂತೂ, ತಾಯಿ ತೀರಿಕೊಂಡ ಮೇಲೆ, ಏನನ್ನೂ ಕೇಳುವವರಿರಲಿಲ್ಲ. ಕೆಲವು ದಿನ ಕ್ಲಾಸಿನಲ್ಲಿ ಬಾಯಿ ತೆರೆದಾಗ, ತನ್ನ ದನಿ ಅಂದು ಹೊರಬಿದ್ದದ್ದು ಅದೇ ಮೊದಲು ಎಂಬುದು ಹೊಳೆದು ಒಂದು ಕ್ಷಣ ತಡವರಿಸುತ್ತಿದ್ದಳು.

ಕೆಲಸವೇನೋ ಹೇಳಲು ಸರಳ. ನಂದೂರಿನ ಒಂದು ಬೇಳೆ ಮಿಲ್ಲಿನ ಯಂತ್ರಗಳಿಗೆ ಹದಿನಾರು ಸೆನ್ಸರ್ ಕೂರಿಸಿದ್ದರು. ಬೇರಿಂಗ್ ಸವೆದು ನಡುಗತೊಡಗಿದರೆ ಯಂತ್ರ ಕೆಟ್ಟು ನಿಲ್ಲುವ ಮೊದಲೇ ಗೊತ್ತಾಗಬೇಕು. ಆದರೆ ಸೆನ್ಸರುಗಳು ಬಹಳ ಹೊತ್ತು ಹೇಳುವುದು ಬರೀ ಸೊನ್ನೆ. ಸೊನ್ನೆ, ಸೊನ್ನೆ, ಎಲ್ಲೋ ಒಂದು ನಡುಕ, ಮತ್ತೆ ಸೊನ್ನೆ. ಅಷ್ಟನ್ನೂ ಕಳಿಸುವ ತ್ರಾಣ ಅಲ್ಲಿನ ನೆಟ್‌ವರ್ಕಿಗಿಲ್ಲ. ಹಾಗಾಗಿ ಸೆನ್ಸರಿಗೊಂದರಂತೆ ಹದಿನಾರು ಚಾನೆಲ್ಲುಗಳಲ್ಲಿ ಒಟ್ಟಿಗೇ ಬರುವ ಸೊನ್ನೆಗಳನ್ನು ಚಿಪ್‌ನೊಳಗೇ ಉದುರಿಸಿ, ಉಳಿದ ಅಂಕಿಗಳನ್ನು ಒತ್ತಾಗಿ ಜೋಡಿಸಿ ಕಳಿಸಬೇಕು. ಯಾವ ಅಂಕಿ ಯಾವ ಚಾನೆಲ್ಲಿನದೆಂದು ತಿಳಿಯಲು ಒಂದೊಂದಕ್ಕೆ ಹೌದು-ಇಲ್ಲ ಎನ್ನುವ ಒಂದೇ ಬಿಟ್‌ನ ಗುರುತು ಸಾಕು ಎಂದು ಮೂರು ವರ್ಷದ ಹಿಂದೆ, ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದುಕೊಂಡೇ ಹೇಳಿದವರು ದೌಲಪ್ಪ. ಎಲ್ಲವೂ ಶುರುವಾದದ್ದು ಅಲ್ಲಿಂದ.

ಈಗ ಒಂದೇ ತೊಡಕು ಉಳಿದಿತ್ತು. ಒಂದು ಚಾನೆಲ್ ಜೋರಾಗಿ ನಡುಗಿದರೆ ಅದರ ಸಾಲು ತುಂಬಿ ತುಳುಕುತ್ತಿತ್ತು. ಉಳಿದವು ಖಾಲಿ ಕೂತು ಅದಕ್ಕಾಗಿ ಕಾಯುತ್ತಿದ್ದವು. ಅಷ್ಟರಲ್ಲಿ ಅಂಕಿಗಳು ಕಳೆದುಹೋಗುತ್ತಿದ್ದವು. ಹದಿನಾರರಲ್ಲಿ ಹದಿಮೂರು ಮಾತ್ರ ಆಚೆ ತುದಿಯಲ್ಲಿ ಸರಿಯಾಗಿ ಬರುತ್ತಿದ್ದವು.

ದೌಲಪ್ಪ ಹದಿನಾರು ಗೆರೆ ಎಳೆದರು. ನಡುನಡುವೆ ಸಣ್ಣ ಸಣ್ಣ ಅಡ್ಡಗೆರೆಗಳು. “ಖಾಲಿ ಕುಂತಂವ ಸುಮ್ನ ಯಾಕ್ ಕೂಡಬೇಕ್ರಿ? ಬಾಜೂದವಂದು ಒಂದೆರಡು ಎತ್ಕೊಳ್ಳಿ. ಇದು ಯಾರದು ಅಂತ ಹಣಿ ಮ್ಯಾಲ ಬರ್ದು ಕಳ್ಸಿದ್ರಾತು.”

ಅಂಬಿಕಾ ಹಾಳೆಯ ಮೇಲೆ ಬಾಗಿ ನೋಡಿದಳು. “ಎಲ್ಲಾರೂ ಎಲ್ಲಾರದೂ ಎತ್ಕೊಂಡ್ರ ವೈರಿಂಗ್ ಹೆಚ್ಚಾಗ್ತದಲ್ರಿ?”

“ಎಲ್ಲಾರದೂ ಬ್ಯಾಡ. ಎಡಕ್ಕೊಬ್ಬ, ಬಲಕ್ಕೊಬ್ಬ. ಅಷ್ಟ.”

ಅವಳು ಜೋರಾಗಿ ನಕ್ಕಳು. ದೌಲಪ್ಪನವರೂ ನಕ್ಕು, ಇನ್ನಷ್ಟು ಜಾಗ ಬೇಕೆಂದು ಹಾಳೆಯನ್ನು ಮಗುಚಿದರು.

ಆಗ ಅವಳಿಗೆ ಅದು ಯಾವ ಹಾಳೆ ಎಂಬುದು ನೆನಪಾಯಿತು. ಅವರು ಕನ್ನಡಕ ಸರಿಮಾಡಿಕೊಂಡು ಓದುತ್ತಿದ್ದರು. ‘ಸದರಿ ಸಾಧನದಲ್ಲಿ ನಾನು ಬೆಸುಗೆ ಕೆಲಸ ಮಾತ್ರ ಮಾಡಿರುತ್ತೇನೆ. ಇದರ ವಿನ್ಯಾಸದಲ್ಲಿ ನನ್ನ ಯಾವ ಪಾಲೂ ಇರುವುದಿಲ್ಲ.’ ಕೆಳಗೆ ಅವರ ಹೆಸರು, ಸಹಿಗೆ ಬಿಟ್ಟ ಜಾಗ.

ಟೈಪ್ ಮಾಡಿಸಿದ್ದು ವಿಭಾಗದ ಮುಖ್ಯಸ್ಥರು. “ಪೇಟೆಂಟ್ ಅರ್ಜಿಯೊಳಗ ಟೆಕ್ನಿಷಿಯನ್ ಹೆಸ್ರು ಇದ್ರ ನಗ್ತಾರ್ರಿ. ನಾ, ನೀವು, ಇಬ್ರೇ ಸಾಕು. ನಿಮ್ಮ ಪ್ರಮೋಷನ್ನೂ ಅದ ಈ ವರ್ಷ,” ಎಂದಿದ್ದರು. ಅಂಬಿಕಾ ಹಾಳೆ ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಂಡಿದ್ದಳು. ಬೆಳಿಗ್ಗೆ ಬಸ್ಸು ಹತ್ತುವಾಗಲೂ, ಮೊದಲು ಹೋಗಿ ಬರೋಣ, ಆಮೇಲೆ ನೋಡಿದರಾಯಿತು ಎಂದುಕೊಂಡಿದ್ದಳು.

“ದೌಲಪ್ಪನವ್ರೇ, ಅದು...”

“ಇದಕ್ಕ ಬಂದಿದ್ರೇನು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಬೆಸುಗಿ ಚಂದ ಹಾಕಿದ್ದೆ ಬಿಡ್ರಿ. ಅದು ಖರೇ ಅದ.” ಪೆನ್ನನ್ನು ಒಮ್ಮೆ ಝಾಡಿಸಿ, ಸಂಬಳದ ಪುಸ್ತಕಕ್ಕೆ ಹಾಕುವಂತೆ ಪೂರಾ ಹೆಸರು ಬರೆದು ಸಹಿ ಮಾಡಿ, ಹಾಳೆ ಮಡಚಿ ಅವಳ ಕೈಗಿಟ್ಟರು. “ಎರಡೂವರಿಗೆ ಬಸ್ ಅದ ನೋಡ್ರಿ.”

ಶಂಕ್ರಮ್ಮ ನಾಲ್ಕು ಹಣ್ಣು ಕಟ್ಟಿಕೊಟ್ಟಳು. ದೌಲಪ್ಪ ಬಾಗಿಲತನಕವೂ ಬರಲಿಲ್ಲ.

ಮರುದಿನ ಮುಖ್ಯಸ್ಥರು ಹಾಳೆಗಾಗಿ ಕೈ ಚಾಚಿದಾಗ ಅಂಬಿಕಾ ಬ್ಯಾಗಿನ ಜಿಪ್ ತೆಗೆಯಲಿಲ್ಲ. “ಅವ್ರ ಹೆಸ್ರು ಇರ್ಬೇಕು ಸರ್. ಐಡಿಯಾ ಅವ್ರದು,” ಎಂದಳು. ತನ್ನ ದನಿ ಇಷ್ಟು ಸಣ್ಣದಾಗಿ ಕೇಳಿಸುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಮುಖ್ಯಸ್ಥರು ಅವಳನ್ನು ಒಮ್ಮೆ ನೋಡಿ ಫೈಲು ಮುಚ್ಚಿದರು. ಅರ್ಜಿ ಕಾಲೇಜು ಬಿಟ್ಟು ಹೊರಗೆ ಹೋಗಲೇ ಇಲ್ಲ. ಪ್ರಮೋಷನ್ ಪಟ್ಟಿ ಬಂದಾಗ ಅದರಲ್ಲಿ ಅವಳ ಹೆಸರಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವಳು ಬಂದರೆ ಮಾತು ಬೇರೆ ಕಡೆಗೆ ಹೊರಳುತ್ತಿತ್ತು.

ಇದನ್ನೆಲ್ಲ ದೌಲಪ್ಪನವರಿಗೆ ಹೇಳಬೇಕೆಂದು ಎರಡು ಸಲ ಫೋನ್ ಕೈಗೆತ್ತಿಕೊಂಡಳು. ಹೇಳಿದರೆ ಉಪಕಾರ ಮಾಡಿದೆನೆಂದು ಸಾರಿಕೊಂಡಂತಾಗುತ್ತದೆ ಅನ್ನಿಸಿ ಇಟ್ಟುಬಿಟ್ಟಳು. ಲ್ಯಾಬಿನ ಮೂಲೆಯಲ್ಲಿ ಆ ಹಾಳೆಯನ್ನು ಬಿಚ್ಚಿಟ್ಟುಕೊಂಡು, ಗೆರೆಗಳನ್ನು ಒಂದೊಂದಾಗಿ ಚಿಪ್‌ಗೆ ಇಳಿಸುತ್ತ ಹೋದಳು. ಐದು ವಾರ ಹಿಡಿಯಿತು.

ಒಂದು ಗುರುವಾರ ಮಧ್ಯಾಹ್ನ ಹುಡುಗರೆಲ್ಲ ಕ್ರಿಕೆಟ್ ನೋಡಲು ಹೋಗಿದ್ದಾಗ ಪರೀಕ್ಷೆ ಓಡಿಸಿದಳು. ಹದಿಮೂರರ ನಂತರ ಹದಿನಾಲ್ಕು ಬಂತು, ಹದಿನೈದು ಬಂತು. ಕೊನೆಯದೂ ಬಂತು. ನಂಬದೆ ಮೂರು ಸಲ ಓಡಿಸಿದಳು. ಆಮೇಲೆ ಕುರ್ಚಿಯಿಂದೆದ್ದು, ಯಾರಿಗಾದರೂ ತೋರಿಸಬೇಕೆಂದು ಬಾಗಿಲ ಕಡೆ ತಿರುಗಿದಳು. ಕಾರಿಡಾರ್ ಖಾಲಿಯಿತ್ತು.

ಈ ಸಲ ಯೋಚಿಸದೆ ಫೋನ್ ಮಾಡಿದಳು. ಎತ್ತಿದ್ದು ಶಂಕ್ರಮ್ಮ. “ಅಣ್ಣಾ, ಕಲಬುರ್ಗಿ ಮೇಡಂದು ಫೋನ್,” ಎಂದು ಕೂಗಿದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ, “ಅಂವ ತೋಟಕ್ಕ ಹೋಗ್ಯಾನ್ರಿ,” ಎಂದಳು. “ಏನರೆ ಹೇಳಬೇಕಿತ್ತೇನ್ರಿ?”

ಅಂಬಿಕಾ ಪರದೆಯ ಕಡೆ ಮತ್ತೊಮ್ಮೆ ನೋಡಿದಳು. “ಹದಿನಾರೂ ಬಂದ್ವು ಅಂತ ಹೇಳ್ರಿ.”

“ಯವ್ವಾ, ಹದಿನಾರು ಮಂದಿ! ಒಬ್ಬರೇ ಇರ್ತೀರಿ, ಅಷ್ಟು ಜನಕ್ಕ ಹ್ಯಾಂಗ ಅಡಗಿ ಮಾಡ್ತೀರಿ? ಉಣಿಸಿ ಕಳಸ್ರಿ ಮತ್ತ.”

“ಹೂಂರಿ. ಉಣಿಸೇ ಕಳಸ್ತೀನಿ.”

ಶಂಕ್ರಮ್ಮ ಫೋನನ್ನು ಎಲ್ಲೋ ಇಟ್ಟು ಹೋದಳು. ಕಟ್ ಮಾಡುವುದನ್ನು ಮರೆತಿದ್ದಳು. ಬಳೆಯ ಸದ್ದು ದೂರವಾಯಿತು. ಆಮೇಲೆ ಚಾಪೆಯ ಮೇಲೆ ಯಾರೋ ಮಗ್ಗುಲು ಬದಲಿಸಿದ ಸಪ್ಪಳ. ಲ್ಯಾಬಿನಲ್ಲಿ ವರ್ಷಗಟ್ಟಲೆ ಕೇಳಿದ ಅದೇ ಕೆಮ್ಮು, ಫೋನಿನ ತೀರ ಹತ್ತಿರ.

ಅಂಬಿಕಾ ಕಟ್ ಮಾಡಲಿಲ್ಲ. ಆ ಕಡೆಯವರೂ ಕಟ್ ಮಾಡಲಿಲ್ಲ. ಕಮಲಾಪುರದಲ್ಲಿ ಯಾರೋ ಬಾವಿಯ ಪಂಪು ಚಾಲೂ ಮಾಡಿದರು. ನೀರು ತೊಟ್ಟಿಗೆ ಬೀಳುವ ಸದ್ದನ್ನು ಅವಳು ಕಿವಿಗೊತ್ತಿ ಕೇಳುತ್ತ ನಿಂತಳು.