ಕಾರ್ಡ್ ಬೇಕೋ, ಬೆಲ್ಲ ಬೇಕೋ

“ಏ, ಬಾಯಿ ಮುಚ್ಚ ಬೋಸುಡಿ! ಕೆಮ್ಮಿ ಕೆಮ್ಮಿ ಹತ್ತಿ ಎಲ್ಲಾ ಮೈಲಿಗಿ ಮಾಡಾಕತ್ತಿ!”

ಮ್ಯಾನೇಜರ್ ಜಗದೇವಪ್ಪ ಬಾಗಿಲಾಚೆಯೇ ನಿಂತು ಕೂಗಿದ. ಒಳಗೆ ಬೀಜ ಬಿಡಿಸುವ ಜಿನ್ನಿಂಗ್ ಮಷಿನ್ನಿಗೆ ಹತ್ತಿ ಉಣಿಸುತ್ತಿದ್ದ ಕರೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಲುವೆಗೆ ನೀರು ಬಂದು, ಶಹಾಪುರದ ಸುತ್ತ ಹತ್ತಿ ಬೆಳೆದು, ಈ ಮಿಲ್ಲು ಎದ್ದಾಗಿನಿಂದ ಅವಳದು ಇದೇ ಕೆಲಸ, ಇದೇ ಕೆಮ್ಮು. ಸಂಜೆ ಹೆಂಗಸರಿಗೆಲ್ಲ ಒಂದೊಂದು ಚೂರು ಬೆಲ್ಲ ಕೊಡುವುದು ಮಿಲ್ಲಿನ ಪದ್ಧತಿ. ದವಡೆಗಿಟ್ಟು ಚೀಪಿದರೆ ಗಂಟಲಿಗಂಟಿದ ಧೂಳು ಇಳಿಯುತ್ತದೆ. ಕರೆಮ್ಮನ ಬೊಗಸೆಗೆ ಮಾತ್ರ ಜಗದೇವಪ್ಪ ಅದನ್ನು ಕೈ ತಾಗದಂತೆ ಮೊಳದೆತ್ತರದಿಂದ ಬೀಳಿಸುತ್ತಿದ್ದ.

ಈಗ ಅದೂ ಬಂದಾಗುವುದಿತ್ತು.

“ಮಾಲೀಕರು ನಿಮಗ ವಿಮಾ ಮಾಡ್ಸಾಕತ್ತಾರ. ಕಾರ್ಡ್ ತೋರ್ಸಿದ್ರ ದವಾಖಾನ್ಯಾಗ ಪುಕ್ಕಟ ಇಲಾಜು. ಕಾರ್ಡ್ ಬೇಕೋ, ಬೆಲ್ಲ ಬೇಕೋ? ಎರಡೂ ಸಿಗಂಗಿಲ್ಲ,” ಎಂದ ಜಗದೇವಪ್ಪ.

“ಕಾರ್ಡೇ ಕೊಡ್ರಿ,” ಎಂದರು ಎಲ್ಲರೂ.

“ನಾಳಿ ಡಾಕ್ಟರ್ ಬಂದು ನೋಡ್ತಾರ. ಕೆಮ್ಮು ಇದ್ದಾಕಿಗಿ ಕಾರ್ಡೂ ಇಲ್ಲ, ಕೆಲಸಾನೂ ಇಲ್ಲ.”

ಮುದುಕಿ ಮಸ್ತಾನಬಿ ಕಿಸಕ್ಕನೆ ನಕ್ಕಳು. “ಹಸಿವಿಲ್ದವ್ರಿಗಿ ಅಷ್ಟೇ ಊಟಕ್ಕ ಕರ್ದಂಗಾತಲ್ಲೇ ಕರೆಮ್ಮ!”

ಕರೆಮ್ಮನಿಗೆ ನಗು ಬರಲಿಲ್ಲ. ಹೋದ ವಾರದಿಂದ ಅವಳ ಉಗುಳಿನಲ್ಲಿ ಕೆಂಪು ಕಾಣುತ್ತಿತ್ತು.

ಮರುದಿನ ಅವಳು ಮನೆಯಿಂದ ಬೆಲ್ಲ ತಂದು, ಕಲ್ಲಿನಿಂದ ಜಜ್ಜಿ ಎಲ್ಲರಿಗೂ ಹಂಚಿದಳು. ಮಿಕ್ಕಿದ ಚೂರನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮಷಿನ್ನು ನಿಂತಿತ್ತು; ಡಾಕ್ಟರು ಬಾಗಿಲಿಗೆ ಬಂದಾಗ ಎಲ್ಲರ ಕೆನ್ನೆಯೂ ಎಲೆಯಡಿಕೆ ಹಾಕಿಕೊಂಡಂತೆ ಉಬ್ಬಿತ್ತು. ಒಬ್ಬಳೂ ಕೆಮ್ಮಲಿಲ್ಲ.

“ಇಷ್ಟು ಧೂಳಿನ ಜಾಗಾ, ಒಬ್ರಿಗೂ ಕೆಮ್ಮಿಲ್ಲೇನು?” ಡಾಕ್ಟರಿಗೆ ನಂಬಿಕೆ ಬರಲಿಲ್ಲ.

“ಎಲ್ಲೈತ್ರಿ ಧೂಳು? ನಮ್ಮ ಮಿಲ್ಲು ದೇವರ ಮನಿ ಇದ್ದಂಗ,” ಎಂದ ಜಗದೇವಪ್ಪ.

“ಹೌದ್ರಿ,” ಕರೆಮ್ಮ ಬೆಲ್ಲದ ಬಾಯಲ್ಲೇ ಹೇಳಿದಳು. “ಅದಕ್ಕ ನಮ್ಮ ಸಾಹೇಬ್ರು ಇಲ್ಲೀತನ ಒಳಗ ಕಾಲಿಟ್ಟಿಲ್ಲ. ಇವತ್ತರ ಬರ್ರಿ. ಮಷಿನ್ ಚಾಲೂ ಮಾಡ್ತೇವಿ, ಡಾಕ್ಟರೂ ನೋಡ್ಲಿ.”

ಡಾಕ್ಟರ ಮುಂದೆ ಒಲ್ಲೆನ್ನಲಾಗದೆ ಜಗದೇವಪ್ಪ ಒಳಗೆ ಬಂದ. ಮಷಿನ್ನು ಗುಡುಗಿತು, ಹತ್ತಿಯ ಎಳೆ ಮೇಲೆದ್ದು ಬಿಸಿಲನ್ನೇ ಮುಚ್ಚಿತು. ಬಾಗಿಲಲ್ಲಿದ್ದ ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದರು. ಧೂಳೇ ಇಲ್ಲವೆಂದ ಜಗದೇವಪ್ಪ ಮೂಗು ಮುಚ್ಚಿಕೊಳ್ಳುವಂತೆಯೂ ಇರಲಿಲ್ಲ. ಒಮ್ಮೆ ಕೆಮ್ಮಿದ. ಮತ್ತೆ ಕೆಮ್ಮಿದ. ಆಮೇಲೆ ಹೊಟ್ಟೆ ಹಿಡಿದು ಬಾಗಿದ, ಕಣ್ಣಲ್ಲಿ ನೀರು ಧಾರೆಯಿಟ್ಟಿತು.

ಕರೆಮ್ಮ ಸೆರಗಿನ ಗಂಟು ಬಿಚ್ಚಿ ಅಂಗೈ ಚಾಚಿದಳು. “ಮ್ಯಾಲಿಂದ ಹಾಕ್ಲೇನ್ರಿ ಸಾಹೇಬ್ರ?”

ಅವನು ಅವಳ ಅಂಗೈಯಿಂದಲೇ ಬೆಲ್ಲ ಕಿತ್ತುಕೊಂಡು ಬಾಯಿಗೆ ತುರುಕಿಕೊಂಡ.

“ಡಾಕ್ಟರ್ ಸಾಬ್,” ಮಸ್ತಾನಬಿ ಕೂಗಿದಳು, “ಮೊದ್ಲು ಇವರ ಹೆಸರು ಬರ್ಕೋರಿ! ಕೆಮ್ಮಿದವ್ರನ್ನ ಕೆಲಸದಿಂದ ತೆಗೀತಾರಂತ!”

ಹೆಂಗಸರು ಬಿದ್ದು ಬಿದ್ದು ನಕ್ಕರು. ಕರೆಮ್ಮನೂ ನಕ್ಕಳು. ನಗುತ್ತಲೇ ದವಡೆಯ ಬೆಲ್ಲವನ್ನು ನೆಲಕ್ಕೆ ಉಗಿದಳು. ಬೆಳಗಿನಿಂದ ಕಟ್ಟಿಹಾಕಿದ್ದ ಕೆಮ್ಮು ಒಡ್ಡು ಒಡೆದಂತೆ ನುಗ್ಗಿತು. ಸೆರಗಿನಿಂದ ಬಾಯಿ ಒರೆಸಿ, ಆ ಕೆಂಪನ್ನು ಡಾಕ್ಟರ ಮುಂದೆ ಹರವಿದಳು.

“ಈಗ ನಂದು ಬರ್ಕೋರಿ. ಕೆಮ್ಮು ಇದ್ದವ್ರಿಗೇ ಕಾರ್ಡ್ ಬೇಕಾಗೂದು.”

ಹಿಂದೆ ಮಸ್ತಾನಬಿಯೂ ಬಾಯಿಯ ಬೆಲ್ಲ ಉಗಿದಳು. ಅವಳ ಹಿಂದೆ ಮತ್ತೊಬ್ಬಳು, ಮಗದೊಬ್ಬಳು. ಕೆಮ್ಮಿನ ಸದ್ದಿಗೆ ಮಷಿನ್ನೇ ಕೇಳದಾಯಿತು.

ಜಗದೇವಪ್ಪ ಕಣ್ಣು ಕೆಂಪಗೆ ಮಾಡಿ ಬೈಯಲು ಬಾಯಿ ತೆರೆದ. ಬಾಯಿ ತುಂಬ ಕರೆಮ್ಮನ ಬೆಲ್ಲವಿತ್ತು.