ಏನೂ ಇಲ್ಲ ಅಂದುಬಿಟ್ಟೆ

ಕಿಟಕಿಯ ಗಾಜು ಮತ್ತೆ ಗಡಗಡ, ಮುಂದೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತಿದೆ, ನೇಸರಿ ಬಿಟ್ಟ ಈ ಎಸ್‌ಟಿ ಬಸ್ಸು ಗಡಹಿಂಗ್ಲಜ ಮುಟ್ಟುವುದು ಯಾವಾಗಲೋ, ಕೈಯಲ್ಲಿ ಮೊಬೈಲು ಇನ್ನೂ ಬಿಸಿ, ಈಗಷ್ಟೇ ಮಸ್ಕತ್ತಿನ ಆಸ್ಪತ್ರೆಯಿಂದ ಮಾತಾಡಿದ್ದು — ಬಾಳಕ್ಕ ಕಾಕೂ, ಅಂಜಬ್ಯಾಡ್ರಿ, ನಿಮ್ಮ ಭೀಮಗೊಂಡನ ಅಪೆಂಡಿಕ್ಸ್ ಒಡದೈತಿ, ಆಪರೇಷನ್ ಮಾಡ್ತಾರ, ಅವಂಗ ಮೈಮ್ಯಾಲ ಖಬರ ಇಲ್ಲ, ನರ್ಸ್ ನಿಮಗೇನೋ ಕೇಳಬೇಕಂತ — ಅಂದವನು ಉತ್ತೂರಿನ ಆಶಿಷ, ಅಲ್ಲಿ ಮಗನ ಜೊತೆ ಒಂದೇ ಖೋಲಿಯಲ್ಲಿರುವವನು, ಫೋನು ಅವಳ ಕೈಗೆ ಕೊಟ್ಟ, ಅವಳು ಹಿಂದಿಯಲ್ಲಿ, ಅಮ್ಮಾ, ಇನಕೋ ಕೋಈ ದವಾ ತಕಲೀಫ್ ದೇತೀ ಹೈ ಕ್ಯಾ, ಇವನಿಗೆ ಯಾವುದಾದರೂ ಔಷಧ ಒಗ್ಗುವುದಿಲ್ಲವೇ ಅಂತ, ನಾನು ಶಾಲೆಯ ಹುಡುಗಿ ಪಾಠ ಒಪ್ಪಿಸಿದ ಹಾಗೆ, ಕಾಹೀ ನಾಹೀ, ಕಾಹೀ ನಾಹೀ, ಏನೂ ಇಲ್ಲ.

ಆ ಪಾಠ ಕಲಿಸಿದವನು ಮಗನನ್ನು ಮಸ್ಕತ್ತಿನ ಕೆಲಸಕ್ಕೆ ಕಳಿಸಿದ ಕೊಲ್ಹಾಪುರದ ಏಜೆಂಟ ನಿಲೇಶ, ನಮ್ಮ ಪಡಸಾಲೆಯಲ್ಲೇ ಕೂತು, ನಮ್ಮದೇ ಚಹಾ ಕುಡಿಯುತ್ತ, ಆಯಿ, ಫಾರ್ಮಿನ್ಯಾಗ ಒಂದ ಬ್ಯಾನಿ ಬರದ್ರ ವೀಸಾ ಗೇಲಾ, ಹೋತ, ಯಾರ ಫೋನ್ ಮಾಡಿ ಕೇಳಿದ್ರೂ ಏನೂ ಇಲ್ಲ ಅನ್ನರಿ, ಮನಿಮಂದಿದೆಲ್ಲಾ ಒಂದ ಮಾತ — ಎರಡು ತಿಂಗಳು ಸೊಸೆಗೂ ಅದನ್ನೇ ಬಾಯಿಪಾಠ ಮಾಡಿಸಿದೆ, ಭಾಳ ಶಾಣೆ ನಾನು, ಬೆಂಕಿ ಬೀಳಲಿ ಈ ಶಾಣೆತನಕ್ಕೆ, ಮಗ ಹನ್ನೆರಡು ವರ್ಷದವನಿದ್ದಾಗ ಗಡಹಿಂಗ್ಲಜದ ಡಾಕ್ಟರು ಪೆನಿಸಿಲಿನ್ ಚುಚ್ಚಿದರು, ಸಿರಿಂಜು ಒತ್ತಿದ ಹೆಬ್ಬೆರಳು ಇನ್ನೂ ಎತ್ತಿರಲಿಲ್ಲ, ತುಟಿ ಊದಿ, ಉಸಿರು ಸಿಳ್ಳೆ ಹೊಡೆದು, ನನ್ನ ಕೂಸು ನೀಲಿಗಟ್ಟಿತ್ತು, ಬಾಳಕ್ಕಾ, ಈ ಇಂಜೆಕ್ಷನ್ ಜೀವಮಾನದಾಗ ಇವಂಗ ಕೊಡಿಸಬ್ಯಾಡ್ರಿ, ಮುಂದಿನ ಸಲ ಉಳಿಯೂದಿಲ್ಲ, ಅಂದಿದ್ದರು ಡಾಕ್ಟರು — ಈಗ ನೆನಪಾಗುತ್ತದೆ, ಈಗ, ಫೋನು ಇಟ್ಟ ಮೇಲೆ.

ಫೋನು ಹಚ್ಚುತ್ತೇನೆ, ಹತ್ತುವುದಿಲ್ಲ, ಮತ್ತೆ ಹಚ್ಚುತ್ತೇನೆ, ಕಂಡಕ್ಟರ್ ಸಾಹೇಬ್ರ, ರೇಂಜ್ ಎಲ್ಲಿ ಬರ್ತೈತ್ರಿ, ಈ ಏರ ದಾಟಲಿ ತಡೀರಿ ಮಾವಶಿ — ದಾಟಲಿ, ಟ್ರ್ಯಾಕ್ಟರು ಸರಿಯಲಿ, ಮಗನ ಕೆಲಸ ಹೋಗಲಿ, ಸುಳ್ಳುಗಾರ ಎಂದು ನಾಳೆಯೇ ವಾಪಸು ಅಟ್ಟಲಿ, ಜೀವ ಒಂದು ಇರಲಿ, ಟ್ರ್ಯಾಕ್ಟರು ಸರಿಯಿತು, ಬಸ್ಸು ಏರು ದಾಟಿತು, ಫೋನು ಹತ್ತಿತು, ವಿಡಿಯೋದಲ್ಲಿ ಆಶಿಷ, ನೋಡ್ರಿ ಕಾಕೂ, ಹ್ಯಾಂಗ ಆರಾಮ ಮಲಗ್ಯಾನ, ಕ್ಯಾಮೆರಾ ತಿರುಗಿತು, ಬಿಳಿ ಹಾಸಿಗೆ, ನನ್ನ ಮಗನ ಗಡ್ಡ, ಕೈಗೆ ಸಲಾಯಿನ್ ನಳಿಗೆ, ನಳಿಗೆಗೆ ಸಿರಿಂಜು ಹಚ್ಚುತ್ತಿರುವ ನರ್ಸು, ಬ್ಯಾಡೋ ಆಶಿಷ, ತಡಿ ಅನ್ನೋ ಆಕಿಗೆ, ನಾ ಸುಳ್ಳ ಹೇಳೇನೋ, ಆಂ? ಕೇಳಸವಲ್ದ್ರಿ ಕಾಕೂ, — ಚಿತ್ರ ನಿಂತುಬಿಟ್ಟಿತು, ಬಸ್ಸು ಓಡುತ್ತಿದೆ, ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದಾರೆ, ಮೊಬೈಲಿನಲ್ಲಿ ನರ್ಸಿನ ಹೆಬ್ಬೆರಳು, ಸಿರಿಂಜಿನ ತುದಿಯ ಮೇಲೆ, ಒತ್ತಿಲ್ಲ, ಒತ್ತಿದೆ, ಇಲ್ಲ, ಒತ್ತಿಲ್ಲ, ಆ ಹೆಬ್ಬೆರಳು